ಹಳೆ ಸ್ಕೂಟರಿನ ಮೂರು ಬೆಲೆ

ಶೋರೂಮಿನ ಬಾಗಿಲು ದಾಟಿದ ಗಳಿಗೆಯಿಂದಲೇ ಗಾಡಿಯ ಬೆಲೆ ಇಳಿಯುತ್ತದೆ. ಇದು ಇಂದು ಎಲ್ಲರಿಗೂ ಗೊತ್ತಿರುವ ಮಾತು. ಐವತ್ತು ವರ್ಷಗಳ ಹಿಂದೆ ಸ್ಕೂಟರಿನ ಮಟ್ಟಿಗೆ ಇದು ಸುಳ್ಳಾಗಿತ್ತು. ಆಗ ಹೊಸ ಸ್ಕೂಟರಿಗೆ ಸರ್ಕಾರ ಬೆಲೆ ಕಟ್ಟುತ್ತಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾದವನಿಗೆ ಆ ಬೆಲೆಗೆ ಗಾಡಿ ಸಿಗುತ್ತಿತ್ತು. ಕಾಯಲಾರದವನು ಎರಡನೇ ಕೈಯ ಗಾಡಿ ಹುಡುಕುತ್ತಿದ್ದ. ಒಂದಷ್ಟು ಓಡಿದ, ಗೀರು ಬಿದ್ದ ಆ ಗಾಡಿಗೆ ಹೊಸದಕ್ಕಿಂತ ಹೆಚ್ಚು ದುಡ್ಡು ಎಣಿಸುತ್ತಿದ್ದ. ಅವನು ನಿಜವಾಗಿ ಕೊಳ್ಳುತ್ತಿದ್ದುದು ಬೇರೊಬ್ಬನು ಕಾದು ಕಳೆದ ವರ್ಷಗಳನ್ನು.

ಅದೇ ಸ್ಕೂಟರು ಮುಂದೆ ಇನ್ನೆರಡು ಬೆಲೆಗಳನ್ನು ಕಂಡಿತು. 1990ರ ದಶಕದ ಕೊನೆಯ ಹೊತ್ತಿಗೆ ಅದು ಗುಜರಿಯವನ ತಕ್ಕಡಿಗೆ ಬಂತು. ಕಬ್ಬಿಣಕ್ಕೊಂದು ದರ, ಇಂಜಿನ್ನಿನ ಅಲ್ಯೂಮಿನಿಯಮ್ಮಿಗೆ ಇನ್ನೊಂದು ದರ. ಈಗ ಕೆಲವು ವರ್ಷಗಳಿಂದ ಅದನ್ನೇ ಹುಡುಕಿ ತಂದು, ಬಣ್ಣ ಬಳಿಸಿ, ಭಾನುವಾರ ಬೆಳಿಗ್ಗೆ ಹೊರಗೆ ತೆಗೆಯುವ ಹವ್ಯಾಸಿಗಳು ಹುಟ್ಟಿಕೊಂಡಿದ್ದಾರೆ. ಅವರ ಲೆಕ್ಕದಲ್ಲಿ ಅದು ಪುರಾತನ ವಸ್ತು.

ಈ ಮೂರು ಬೆಲೆಗಳ ನಡುವೆ ಇನ್ನೊಬ್ಬ ಕೊಳ್ಳುವವನಿದ್ದಾನೆ. ಅವನಿಗೆ ಪುರಾತನ ವಸ್ತು ಬೇಕಿಲ್ಲ, ಗುಜರಿಯೂ ಬೇಕಿಲ್ಲ. ಕೈಯಲ್ಲಿರುವ ಸ್ವಲ್ಪ ದುಡ್ಡಿಗೆ ಒಂದು ಗಾಡಿ ಬೇಕು, ಅದು ಬೆಳಿಗ್ಗೆ ಕಿಕ್ಕಿಗೆ ಏಳಬೇಕು, ಕೆಲಸಕ್ಕೆ ಮುಟ್ಟಿಸಬೇಕು. ಅವನ ಪಾಲಿಗೆ ಹಳೆ ಸ್ಕೂಟರು ಅಗ್ಗವೋ ದುಬಾರಿಯೋ ಎಂಬುದು ಕೊಂಡ ದಿನ ತಿಳಿಯುವುದಿಲ್ಲ, ಮೊದಲ ಸಲ ಇಂಜಿನ್ ಬಿಚ್ಚಿದ ದಿನ ತಿಳಿಯುತ್ತದೆ. ಆ ದಿನ ಏನಾಗುತ್ತದೆ ಎಂಬುದನ್ನು ನಿರ್ಧರಿಸಿದ್ದು ಮಾರಿದವನ ಮೋಸವಲ್ಲ, ಕೊಂಡವನ ಅದೃಷ್ಟವೂ ಅಲ್ಲ. ದೆಹಲಿಯಲ್ಲಿ, ಲಖನೌದಲ್ಲಿ, ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ದಶಕಗಳ ಹಿಂದೆ ಕೈಗೊಂಡ ತೀರ್ಮಾನಗಳು ಅದನ್ನು ನಿರ್ಧರಿಸಿದವು.

ಪೊಟ್ಟಳಕೆರೆಯಿಂದ ಪಟಾನ್‌ಚೆರುವಿಗೆ

ಹೈದರಾಬಾದಿನಿಂದ ಮುಂಬೈ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನಗರದ ಅಂಚಿಗೆ ಪಟಾನ್‌ಚೆರು ಸಿಗುತ್ತದೆ. ಕನ್ನಡಿಗರಿಗೆ ಈ ಊರು ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಇದೇ. ಹನ್ನೊಂದನೇ ಶತಮಾನದ ಮೊದಲ ಭಾಗದಲ್ಲಿ ಆಳಿದ ಎರಡನೇ ಜಯಸಿಂಹನ ನೆಲೆವೀಡು ಇಲ್ಲಿತ್ತು. ಅವನ ರಾಣಿ ಸುಗ್ಗಲದೇವಿ ಮತ್ತು ದೇವರ ದಾಸಿಮಯ್ಯನ ಕಥೆಯೂ ಈ ಊರಿನೊಂದಿಗೆ ಬೆಸೆದುಕೊಂಡಿದೆ. ಕನ್ನಡದ ಕೆರೆ ತೆಲುಗಿನ ಚೆರುವಾಯಿತು. ಊರಿನ ಸಾಕಿ ಚೆರುವು ಹೆಸರಿನ ಅರ್ಥವನ್ನು ಇವತ್ತಿಗೂ ಉಳಿಸಿಕೊಂಡಿದೆ.

ಇಪ್ಪತ್ತನೇ ಶತಮಾನದಲ್ಲಿ ಊರಿಗೆ ಬೇರೆಯೇ ರೂಪ ಬಂತು. 1960ರ ದಶಕದಲ್ಲಿ ಪಕ್ಕದ ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಕಾರ್ಖಾನೆ ನಿಂತಿತು. 1972ರಲ್ಲಿ ಪಟಾನ್‌ಚೆರುವಿನಲ್ಲೇ ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬಂತು. 1970ರ ದಶಕದ ಕೊನೆಯಿಂದ ಕೈಗಾರಿಕಾ ಪ್ರದೇಶ ಬೆಳೆಯಿತು. 1980ರಲ್ಲಿ ಮೆದಕ್ ಕ್ಷೇತ್ರದಿಂದ ಇಂದಿರಾ ಗಾಂಧಿ ಲೋಕಸಭೆಗೆ ಗೆದ್ದರು. ಮುಂದಿನ ವರ್ಷಗಳಲ್ಲಿ ಔಷಧಿ, ರಾಸಾಯನಿಕ, ಇಂಜಿನಿಯರಿಂಗ್ ಕಾರ್ಖಾನೆಗಳು ಸಾಲುಗಟ್ಟಿದವು. ಅವುಗಳ ಜೊತೆಗೇ ಕೆರೆ-ಹಳ್ಳಗಳು ಕೆಟ್ಟವು. ಅದು ಬೇರೆಯದೇ ಒಂದು ದೊಡ್ಡ ಕಥೆ.

ಕಾರ್ಖಾನೆಗಳಿಗೆ ಜನ ಸುತ್ತಲಿನ ಹಳ್ಳಿಗಳಿಂದ ಬಂದರು, ಜಹೀರಾಬಾದ್, ನಾರಾಯಣಖೇಡ್ ಕಡೆಯಿಂದ ಬಂದರು, ಬೀದರಿನಿಂದಲೂ ಬಂದರು. 1956ರ ನವೆಂಬರ್ 1ರ ತನಕ ಬೀದರ್, ಗುಲ್ಬರ್ಗ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ರಾಜ್ಯದ ಗಡಿ ಬದಲಾದರೂ ದುಡಿಮೆಗೆ ಹೋಗುವ ದಾರಿ ಬದಲಾಗಲಿಲ್ಲ. ಪಾಳಿಯ ಕೆಲಸದವನಿಗೆ ಬಸ್ಸಿನ ವೇಳೆ ಹೊಂದುವುದಿಲ್ಲ. ರಾತ್ರಿ ಪಾಳಿ ಮುಗಿಸಿದವನಿಗೆ ಬಸ್ಸೇ ಇರುವುದಿಲ್ಲ. ಇಲ್ಲಿ ಸ್ಕೂಟರು ಷೋಕಿಯ ವಸ್ತುವಾಗಿರಲಿಲ್ಲ. ಕೆಲಸದ ಜಾಗದಿಂದ ಎಷ್ಟು ದೂರದಲ್ಲಿ ಮನೆ ಮಾಡಬಹುದು, ಎಷ್ಟು ಬಾಡಿಗೆ ಉಳಿಸಬಹುದು, ಮಕ್ಕಳನ್ನು ಯಾವ ಶಾಲೆಗೆ ಹಾಕಬಹುದು ಎಂಬುದನ್ನೆಲ್ಲ ಅದು ತೀರ್ಮಾನಿಸುತ್ತಿತ್ತು.

ಎರಡು ಮನೆತನಗಳು

ಭಾರತದ ಹಳೆ ಸ್ಕೂಟರುಗಳಲ್ಲಿ ಹೆಚ್ಚಿನವು ಎರಡು ಮನೆತನಗಳಿಗೆ ಸೇರಿದವು. ಎರಡೂ ಇಟಲಿಯಲ್ಲಿ, ಎರಡನೇ ಮಹಾಯುದ್ಧದಲ್ಲಿ ಹಾಳಾದ ಕಾರ್ಖಾನೆಗಳಿಂದ ಹುಟ್ಟಿದವು. ಪಿಯಾಜಿಯೊ ಕಂಪನಿಗಾಗಿ ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನ ಇಂಜಿನಿಯರ್ ರೂಪಿಸಿದ ವೆಸ್ಪಾ 1946ರಲ್ಲಿ ಬಂತು. ಮರುವರ್ಷ ಫೆರ್ದಿನಾಂದೊ ಇನ್ನೊಚೆಂತಿಯ ಕಾರ್ಖಾನೆಯಿಂದ ಲ್ಯಾಂಬ್ರೆಟ್ಟಾ ಬಂತು.

ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಂಡರೂ ಒಳಗೆ ಎರಡೂ ಬೇರೆ ಬೇರೆ. ವೆಸ್ಪಾಕ್ಕೆ ಪ್ರತ್ಯೇಕ ಚೌಕಟ್ಟು ಇಲ್ಲ. ಒತ್ತಿ ಬಗ್ಗಿಸಿದ ಉಕ್ಕಿನ ತಗಡೇ ಅದರ ಮೈಯೂ ಹೌದು, ಬೆನ್ನೆಲುಬೂ ಹೌದು. ಇಂಜಿನ್ ಹಿಂದಿನ ಚಕ್ರದ ಬಲಕ್ಕೆ ಕೂತಿರುತ್ತದೆ, ಗೇರುಗಳ ಮೂಲಕ ಚಕ್ರವನ್ನು ನೇರವಾಗಿ ತಿರುಗಿಸುತ್ತದೆ. ಲ್ಯಾಂಬ್ರೆಟ್ಟಾಕ್ಕೆ ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಬಿಚ್ಚಿ ಹಾಕಬಹುದಾದ ತಗಡಿನ ಹೊದಿಕೆ. ಇಂಜಿನ್ ನಡುಮಧ್ಯೆ ಮಲಗಿರುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗಿನ ಚೈನು ಚಕ್ರದ ಕಡೆಗೆ ಬಲ ಸಾಗಿಸುತ್ತದೆ. ಮಧ್ಯದಲ್ಲಿ ತೂಕ ಇರುವುದರಿಂದ ಲ್ಯಾಂಬ್ರೆಟ್ಟಾ ರಸ್ತೆಯಲ್ಲಿ ನೆಟ್ಟಗೆ ನಿಲ್ಲುತ್ತದೆ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ಬಲಗಡೆಯ ಹೊದಿಕೆ ತೆಗೆದರೆ ಸಾಕು, ಇಂಜಿನ್ ಕೈಗೆ ಸಿಗುತ್ತದೆ ಎಂದು ವೆಸ್ಪಾದ ಅಭಿಮಾನಿಗಳು ಹೇಳುತ್ತಾರೆ. ಎರಡೂ ನಿಜ. ಆದರೆ ಒಂದರ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ. ಮುಂದೆ ಲಕ್ಷಾಂತರ ಮನೆಗಳ ಖರ್ಚನ್ನು ನಿರ್ಧರಿಸಿದ್ದು ಈ ಸಣ್ಣ ಸಂಗತಿಯೇ.

ಭಾರತದಲ್ಲಿ ಲ್ಯಾಂಬ್ರೆಟ್ಟಾವನ್ನು ಮುಂಬೈನ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ಜೋಡಿಸಿ ಮಾರಿತು. ವೆಸ್ಪಾವನ್ನು ಬಜಾಜ್ ತಂದಿತು. 1959ರಲ್ಲಿ ಬಜಾಜ್‌ಗೆ ಇಲ್ಲಿಯೇ ತಯಾರಿಸುವ ಪರವಾನಗಿ ಸಿಕ್ಕಿತು. ಎಷ್ಟು ತಯಾರಿಸಬೇಕು ಎಂಬುದೂ ಪರವಾನಗಿಯಲ್ಲೇ ಇರುತ್ತಿತ್ತು. ಬೇಡಿಕೆ ಎಷ್ಟೇ ಇರಲಿ, ಅನುಮತಿ ಮೀರಿ ಒಂದು ಗಾಡಿ ಹೆಚ್ಚು ಮಾಡುವಂತಿರಲಿಲ್ಲ. 1960ರಲ್ಲಿ ಬಂದ ಸ್ಕೂಟರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ, ಇರುವ ಗಾಡಿ ಯಾರಿಗೆ, ಯಾವ ಕ್ರಮದಲ್ಲಿ ಸಿಗಬೇಕು ಎಂಬುದನ್ನು ಗೊತ್ತುಮಾಡಿತು. ಅಂಚೆ ಕಚೇರಿಯಲ್ಲಿ ಠೇವಣಿ ಇಟ್ಟು, ಡೀಲರಿನ ಪುಸ್ತಕದಲ್ಲಿ ಹೆಸರು ಬರೆಸಿ, ಜನ ಕಾದರು. ಬಜಾಜ್‌ಗೆ ತನ್ನ ಒಂದು ಲಕ್ಷದ ಗಾಡಿ ಹೊರತರಲು 1970ರ ತನಕ ಹಿಡಿಯಿತು. ಸರ್ಕಾರಿ ಕೋಟಾದವರಿಗೆ ಬೇರೆ ಸಾಲು, ವಿದೇಶಿ ವಿನಿಮಯದಲ್ಲಿ ಹಣ ಕಟ್ಟುವ ನೆಂಟರಿದ್ದವರಿಗೆ ಇನ್ನೊಂದು ಸಾಲು. ಯಾವ ಸಾಲಿನಲ್ಲೂ ಜಾಗವಿಲ್ಲದವನಿಗೆ ಹಳೆ ಗಾಡಿಯೇ ಗತಿ, ಅದೂ ಹೆಚ್ಚಿನ ಬೆಲೆಗೆ.

ಸರ್ಕಾರವೇ ಸ್ಕೂಟರು ಮಾಡಲು ಹೊರಟಾಗ

1971ರಲ್ಲಿ ಎರಡು ಘಟನೆಗಳು ನಡೆದವು. ಪಿಯಾಜಿಯೊ ಜೊತೆ ಬಜಾಜ್‌ಗಿದ್ದ ಒಪ್ಪಂದ ಮುಗಿಯಿತು, ಅದು ನವೀಕರಣವಾಗಲಿಲ್ಲ. ಅತ್ತ ಇಟಲಿಯಲ್ಲಿ ಇನ್ನೊಚೆಂತಿ ಕಂಪನಿ ಸ್ಕೂಟರು ಮಾಡುವುದನ್ನೇ ನಿಲ್ಲಿಸಿತು. ಯುರೋಪಿನ ಜನ ಸಣ್ಣ ಕಾರುಗಳ ಕಡೆಗೆ ಹೊರಳಿದ್ದರು.

ಒಂದು ಕಡೆ ಸ್ಕೂಟರಿಗಾಗಿ ಕಾದು ನಿಂತ ದೇಶ, ಇನ್ನೊಂದು ಕಡೆ ಬೇಡವಾದ ಸ್ಕೂಟರ್ ಕಾರ್ಖಾನೆ. ಭಾರತ ಸರ್ಕಾರ ಆ ಕಾರ್ಖಾನೆಯ ಯಂತ್ರ, ನಕ್ಷೆ, ಹಕ್ಕುಗಳನ್ನು ಕೊಂಡಿತು. 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಹುಟ್ಟಿತು. 1975ರಿಂದ ಅಲ್ಲಿ ಲ್ಯಾಂಬ್ರೆಟ್ಟಾ ತಯಾರಾಗತೊಡಗಿತು, ದೇಶದೊಳಗೆ ವಿಜಯ್ ಸೂಪರ್ ಎಂಬ ಹೆಸರಿನಲ್ಲಿ, ಹೊರದೇಶಗಳಿಗೆ ಲ್ಯಾಂಬ್ರೆಟ್ಟಾ ಎಂಬ ಹೆಸರಿನಲ್ಲೇ. ಹಾಗೆ ನೋಡಿದರೆ ಇಡೀ ಕಾರ್ಖಾನೆಯನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದಾಗಿತ್ತು.

ಲಖನೌ ಒಂದೇ ಎಲ್ಲವನ್ನೂ ಮಾಡಲಿಲ್ಲ. ರಾಜ್ಯಗಳೂ ಸ್ಕೂಟರ್ ಕಂಪನಿ ಕಟ್ಟಿದವು. ಲಖನೌದಿಂದ ಇಂಜಿನ್ ತರಿಸಿಕೊಂಡು ಗಾಡಿ ಜೋಡಿಸಿ, ತಮ್ಮದೇ ಹೆಸರಿಟ್ಟು ಮಾರುವುದು ಯೋಜನೆ. ಕರ್ನಾಟಕ ಸ್ಕೂಟರ್ಸ್ ಲಿಮಿಟೆಡ್‌ನ ಗಾಡಿಗೆ ಫಾಲ್ಕನ್ ಎಂದು ಹೆಸರಾಯಿತು. ಹೈದರಾಬಾದಿನಲ್ಲಿ ಆಂಧ್ರ ಪ್ರದೇಶ ಸ್ಕೂಟರ್ಸ್ ಲಿಮಿಟೆಡ್ ಇತ್ತು. ಅಲ್ಲಿನ ಗಾಡಿಯ ಹೆಸರು ಆಲ್ವಿನ್ ಪುಷ್ಪಕ್.

ಆಲ್ವಿನ್ ಎಂಬ ಹೆಸರಿಗೆ ಹೈದರಾಬಾದ್ ಸೀಮೆಯಲ್ಲಿ ತೂಕವಿತ್ತು. 1942ರಲ್ಲಿ ನಿಜಾಮ ಸರ್ಕಾರದ ಕೈಗಾರಿಕಾ ನಿಧಿ ಮತ್ತು ಅಲ್ಲಾವುದ್ದೀನ್ ಅಂಡ್ ಕಂಪನಿ ಸೇರಿ ಆಲ್ವಿನ್ ಮೆಟಲ್ ವರ್ಕ್ಸ್ ಕಟ್ಟಿದ್ದವು. ಸನತ್‌ನಗರದ ಆ ಕಾರ್ಖಾನೆ ಬಸ್ಸುಗಳ ಮೈ ಕಟ್ಟಿತು, ಫ್ರಿಜ್ಜು ಮಾಡಿತು, 1980ರ ದಶಕದಲ್ಲಿ ಜಪಾನಿನ ಸೀಕೊ ತಂತ್ರಜ್ಞಾನದಲ್ಲಿ ಕೈಗಡಿಯಾರವನ್ನೂ ಮಾಡಿತು. ಬೀದರ್, ಗುಲ್ಬರ್ಗದ ಮನೆಗಳಲ್ಲೂ ಆಲ್ವಿನ್ ಫ್ರಿಜ್ಜು ಇರುತ್ತಿತ್ತು. ಹಾಗಾಗಿ ಪುಷ್ಪಕ್ ಅಪರಿಚಿತರ ಮನೆಯ ಗಾಡಿಯಾಗಿರಲಿಲ್ಲ. ಹೆಸರೂ ಒಪ್ಪುವಂಥದ್ದೇ. ಪುಷ್ಪಕ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿದಿರುತ್ತದಂತೆ. ಗಂಡ ಮುಂದೆ, ಹೆಂಡತಿ ಹಿಂದೆ, ಒಂದು ಮಗು ಹ್ಯಾಂಡಲ್ ಹಿಡಿದು ನಿಂತು, ಇನ್ನೊಂದು ಮಡಿಲಲ್ಲಿ ಕೂತು ಹೋಗುವ ನಾಡಿಗೆ ಇದಕ್ಕಿಂತ ಸರಿಯಾದ ಹೆಸರು ಯಾವುದಿದ್ದೀತು?

ಬೇರೊಂದು ರಾಜ್ಯ ಬೇರೆ ದಾರಿ ಹಿಡಿಯಿತು. 1975ರಲ್ಲಿ ಮಹಾರಾಷ್ಟ್ರ ಸರ್ಕಾರದ ಒಂದು ನಿಗಮ ಬಜಾಜ್ ಜೊತೆ ಸೇರಿ ಮಹಾರಾಷ್ಟ್ರ ಸ್ಕೂಟರ್ಸ್ ಲಿಮಿಟೆಡ್ ಕಟ್ಟಿತು. ಸಾತಾರದ ಆ ಕಾರ್ಖಾನೆಯಲ್ಲಿ ಪ್ರಿಯಾ ಸ್ಕೂಟರು ತಯಾರಾಯಿತು. ಅದು ಬಜಾಜ್ ತಂತ್ರಜ್ಞಾನದ ಗಾಡಿ, ಅಂದರೆ ವೆಸ್ಪಾ ಮನೆತನದ್ದು.

ಒಂದೇ ದಶಕ, ಒಂದೇ ಬಗೆಯ ಸರ್ಕಾರಿ ಆಸೆ. ಆದರೆ ಮೊದಲ ಸಲ ರಿಪೇರಿಗೆ ಬಂದಾಗ ಪ್ರಿಯಾದ ದಾರಿ ಬೇರೆ, ಪುಷ್ಪಕ್-ಫಾಲ್ಕನ್‌ಗಳ ದಾರಿ ಬೇರೆಯಾಯಿತು.

ಬಿಚ್ಚಿದ ಮೇಲೆ ತಿಳಿಯುವುದು

ಅಗ್ಗಕ್ಕೆ ಕೊಂಡ ಹಳೆ ಸ್ಕೂಟರು ಮೊದಲು ಕೈಕೊಡುವುದು ಕಿಕ್ಕಿನ ಹತ್ತಿರ. ಒದ್ದರೂ ಏಳುವುದಿಲ್ಲ. ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನಿಲ್ಲಿಸಿ, ಮತ್ತೆ ಒದೆಯುವುದು ಒಂದು ಇಡೀ ತಲೆಮಾರಿನ ಬೆಳಗಿನ ವ್ಯಾಯಾಮವಾಗಿತ್ತು. ಅದೂ ಫಲಿಸದಿದ್ದರೆ ಪ್ಲಗ್ಗು ಬಿಚ್ಚಬೇಕು. ಪ್ಲಗ್ಗಿನ ತುದಿ ಇಂಜಿನ್ನಿನ ಜಾತಕವಿದ್ದಂತೆ. ಒದ್ದೆಯಾಗಿ ಕಪ್ಪಾಗಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ಕಿಡಿ ಬರುತ್ತಿಲ್ಲ. ಬಿಳಿಚಿಕೊಂಡಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಕಂದು ಬಣ್ಣವಿದ್ದರೆ ನೆಮ್ಮದಿ.

ಕಿಡಿ ಬರದಿದ್ದರೆ ಕೈ ಮ್ಯಾಗ್ನೆಟ್ಟಿನ ಕಡೆ ಹೋಗುತ್ತದೆ. ಅಲ್ಲಿ ಎರಡು ಪುಟ್ಟ ಲೋಹದ ತುದಿಗಳು ಪ್ರತಿ ಸುತ್ತಿಗೂ ಕೂಡಿ ಬಿಡುತ್ತವೆ. ಅದಕ್ಕೆ ಪಾಯಿಂಟ್ ಅನ್ನುತ್ತಾರೆ. ಪಾಯಿಂಟ್ ಸುಟ್ಟು ಒರಟಾಗಿದ್ದರೆ ಉಜ್ಜುಕಾಗದದಲ್ಲಿ ಉಜ್ಜಿ, ನಡುವಿನ ಅಂತರ ಸರಿಮಾಡಿದರೆ ಕೆಲವೊಮ್ಮೆ ಗಾಡಿ ಎದ್ದುಬಿಡುತ್ತದೆ. ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಕಾರ್ಬುರೇಟರಿನ ಜೆಟ್ಟಿನಲ್ಲಿ ಕಸ ಕಟ್ಟಿದ್ದರೆ ಅದಕ್ಕೂ ಖರ್ಚಿಲ್ಲ, ಪೆಟ್ರೋಲಿನಲ್ಲಿ ತೊಳೆದು ಊದಿದರಾಯಿತು. ಹೊಸದಾಗಿ ಕೊಂಡವನು ಈ ಹಂತದಲ್ಲಿ ತನ್ನನ್ನು ತಾನೇ ಮೆಕ್ಯಾನಿಕ್ ಎಂದುಕೊಳ್ಳುತ್ತಾನೆ.

ಆಮೇಲಿನದು ಕಷ್ಟದ ಭಾಗ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಗಾಳಿ, ಪೆಟ್ರೋಲು, ಆಯಿಲ್ ಮೂರೂ ಬೆರೆತು ಮೊದಲು ಕ್ರ್ಯಾಂಕಿನ ಕೋಣೆಗೆ ಬರುತ್ತವೆ, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಹೋಗುತ್ತವೆ. ಆ ಕೋಣೆ ಬಿಗಿಯಾಗಿರಬೇಕು. ಅದನ್ನು ಬಿಗಿಯಾಗಿಡುವುದು ಕ್ರ್ಯಾಂಕಿನ ಎರಡೂ ಕಡೆಯ ರಬ್ಬರಿನ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಒಂದು ಕಡೆ ಗಾಳಿ ಒಳಗೆಳೆದುಕೊಂಡು ಇಂಜಿನ್ ಕಾಯುತ್ತದೆ, ಇನ್ನೊಂದು ಕಡೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಹೊಗೆ ಉಗುಳುತ್ತದೆ. ಸೀಲು ಸಣ್ಣ ಸಾಮಾನು, ಬೆಲೆಯೂ ಸಣ್ಣದು. ಆದರೆ ಅದನ್ನು ಹಾಕಲು ಇಡೀ ಇಂಜಿನ್ ಇಳಿಸಿ ಬಿಚ್ಚಬೇಕು.

ಬಿಚ್ಚಿದ ಮೇಲೆ ಬಾಕಿಯದೂ ಕಾಣುತ್ತದೆ. ಸಿಲಿಂಡರ್ ಸವೆದು ಅಂಡಾಕಾರವಾಗಿದ್ದರೆ ಲೇಥಿನವನ ಹತ್ತಿರ ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬೇಕು. ಹಾಗೆ ದೊಡ್ಡದು ಮಾಡುತ್ತ ಹೋಗಲು ಮಿತಿಯಿದೆ, ಮಿತಿ ಮುಗಿದರೆ ಸಿಲಿಂಡರನ್ನೇ ಬದಲಿಸಬೇಕು. ಗೇರಿನ ಹಲ್ಲು, ಕ್ಲಚ್ ಪ್ಲೇಟು, ಬೇರಿಂಗು, ಹ್ಯಾಂಡಲ್ ಒಳಗೆ ಹರಿದ ಕೇಬಲ್ಲು, ಹೀಗೆ ಪಟ್ಟಿ ಬೆಳೆಯುತ್ತದೆ. ಅಗ್ಗದ ಆಸೆಗೆ ಮುಗ್ಗಲು ಜೋಳ ತಂದಂತಾಯಿತು ಎಂದು ಮನೆಯವರು ಅನ್ನುವುದು ಈ ಹೊತ್ತಿನಲ್ಲೇ.

ಪ್ರಿಯಾ ಕೊಂಡವನಿಗೂ ಪುಷ್ಪಕ್ ಕೊಂಡವನಿಗೂ ಇಲ್ಲಿಯ ತನಕ ವ್ಯತ್ಯಾಸವಿಲ್ಲ. ಪಟ್ಟಿ ಹಿಡಿದು ಅಂಗಡಿಗೆ ಹೋದಾಗ ವ್ಯತ್ಯಾಸ ಶುರುವಾಗುತ್ತದೆ. ಬಜಾಜ್ 1977ರ ಹೊತ್ತಿಗೆ ವರ್ಷಕ್ಕೆ ಒಂದು ಲಕ್ಷ ಗಾಡಿ ಮಾರುತ್ತಿತ್ತು, 1986ರ ಹೊತ್ತಿಗೆ ಐದು ಲಕ್ಷ. ಆ ಸಂಖ್ಯೆಯ ಹಿಂದೆ ಒಂದು ಇಡೀ ಲೋಕವೇ ಹುಟ್ಟಿಕೊಂಡಿತ್ತು. ಕಂಪನಿಯ ಸಾಮಾನಿನ ಜೊತೆಗೆ ಹೊರಗಿನವರು ಮಾಡುವ ಸಾಮಾನು, ಅದರಲ್ಲೂ ಎರಡು-ಮೂರು ದರ್ಜೆ. ಹೋಬಳಿ ಊರಿನ ಅಂಗಡಿಯಲ್ಲೂ ಬಜಾಜಿನ ಕ್ಲಚ್ ಪ್ಲೇಟು ಸಿಗುತ್ತಿತ್ತು. ಪ್ರಿಯಾಕ್ಕೂ ಬಹುತೇಕ ಅದೇ ಅಂಗಡಿ ಆಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ಕೂತ ಹುಡುಗನಿಗೂ ಬಜಾಜ್ ಬಿಚ್ಚಿ ಗೊತ್ತಿತ್ತು. ಅವನ ಉಸ್ತಾದ್ ನೂರಾರು ಬಿಚ್ಚಿದ್ದ, ಅವನು ಪಕ್ಕದಲ್ಲಿ ಪಾನಾ ಕೊಡುತ್ತ ಕಲಿತಿದ್ದ.

ಲ್ಯಾಂಬ್ರೆಟ್ಟಾದ ಫ್ಲೈವೀಲ್ ಕೀಳಲು ಅದಕ್ಕೇ ಆದ ಪುಲ್ಲರ್ ಬೇಕು. ಕ್ಲಚ್ ಬಿಚ್ಚಲು ಅದಕ್ಕೇ ಆದ ಹಿಡಿತ ಬೇಕು. ಆ ಹತಾರ ಇರುವುದು ಅದೇ ಗಾಡಿಗಳನ್ನು ದಿನಾ ನೋಡುವವನ ಹತ್ತಿರ ಮಾತ್ರ. ದಿನಾ ನೋಡಬೇಕಾದರೆ ಊರಲ್ಲಿ ಅಷ್ಟು ಗಾಡಿ ಇರಬೇಕು. ಹತಾರ ಇಲ್ಲದವನು ಉಳಿ-ಸುತ್ತಿಗೆ ಹಿಡಿಯುತ್ತಾನೆ, ಆಗ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಗಾಡಿ ಕೆಟ್ಟದ್ದು ಎಂಬ ಹೆಸರು ಬರುವುದೂ ಹೀಗೆಯೇ. ಪುಷ್ಪಕ್, ಫಾಲ್ಕನ್‌ಗಳ ಮೂಲ ವಿನ್ಯಾಸ ಜಗತ್ತಿನ ಒಳ್ಳೆಯ ಸ್ಕೂಟರುಗಳಲ್ಲಿ ಒಂದು. ಆದರೆ ಅವಕ್ಕೆ ಬೇಕಾದಷ್ಟು ಮೆಕ್ಯಾನಿಕ್ಕುಗಳು ಹುಟ್ಟಲೇ ಇಲ್ಲ. ಕಾರ್ಖಾನೆ ಕಟ್ಟಲು ಸರ್ಕಾರಕ್ಕೆ ಗೊತ್ತಿತ್ತು. ಕಾರ್ಖಾನೆಯಿಂದ ಹೊರಬಂದ ಗಾಡಿಯನ್ನು ಇಪ್ಪತ್ತು ವರ್ಷ ನೋಡಿಕೊಳ್ಳುವ ಕೈಗಳನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಾಲು ಕರಗಿದಾಗ

1980ರ ದಶಕದಲ್ಲಿ ಬಾಗಿಲುಗಳು ತೆರೆದವು. ವಿದೇಶಿ ಕಂಪನಿಗಳ ಜೊತೆ ಸೇರಿ ದ್ವಿಚಕ್ರ ವಾಹನ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. 1984-85ರ ಆಸುಪಾಸಿನಲ್ಲಿ ಇಂಡ್-ಸುಜುಕಿ, ಹೀರೊ ಹೋಂಡಾ, ಯಮಾಹಾ ಆರ್‌ಎಕ್ಸ್ 100, ಕೈನೆಟಿಕ್ ಹೋಂಡಾ ಒಂದರ ಹಿಂದೊಂದು ಬಂದವು. ಕೈನೆಟಿಕ್ ಹೋಂಡಾಕ್ಕೆ ಗೇರೂ ಇರಲಿಲ್ಲ, ಕಿಕ್ಕಿನ ಹಂಗೂ ಇರಲಿಲ್ಲ, ಗುಂಡಿ ಒತ್ತಿದರೆ ಏಳುತ್ತಿತ್ತು. ಪಿಯಾಜಿಯೊ ಕೂಡ ಮರಳಿ ಬಂತು. ಕಾನ್ಪುರದ ಎಲ್‌ಎಂಎಲ್ ಜೊತೆ ಅದು ಕೈಜೋಡಿಸಿದ್ದು ಹೆಚ್ಚಿನವರಿಗೆ ನೆನಪಿದೆ. ಆಂಧ್ರ ಪ್ರದೇಶ ಸ್ಕೂಟರ್ಸ್ ಕೂಡ ಅದರ ಜೊತೆ ಸೇರಿ ವೆಸ್ಪಾ ಪಿಎಲ್ 170 ಎಂಬ ಗಾಡಿ ತಂದದ್ದು ಈಗ ಹಳಬರಿಗಷ್ಟೇ ನೆನಪು. ಲ್ಯಾಂಬ್ರೆಟ್ಟಾ ಮನೆತನದಿಂದ ವೆಸ್ಪಾ ಮನೆತನಕ್ಕೆ ಹೈದರಾಬಾದು ದಾಟಿದ್ದು ಹೀಗೆ. ಆ ದಾಟುವಿಕೆಯಲ್ಲಿ, ಅದಾಗಲೇ ಪುಷ್ಪಕ್ ಕೊಂಡವರು ಹಿಂದೆ ಉಳಿದರು. ಪಿಎಲ್ 170 ಕೂಡ ಹೆಚ್ಚು ಕಾಲ ಬಾಳಲಿಲ್ಲ.

1991ರ ನಂತರ ಕಾಯುವ ಸಾಲು ಪೂರ್ತಿ ಕರಗಿತು. ಸಾಲು ಕರಗಿದ ಮೇಲೆ ಹಳೆ ಗಾಡಿಯ ಹೆಚ್ಚಿನ ಬೆಲೆಯೂ ಕರಗಿತು. 1990ರ ದಶಕದ ಕೊನೆಗೆ ಮೋಟರ್‌ಸೈಕಲ್ಲುಗಳು ಸ್ಕೂಟರನ್ನು ಹಿಂದೆ ಹಾಕಿದವು. ಲಖನೌದ ಸ್ಕೂಟರ್ಸ್ ಇಂಡಿಯಾ 1997ರಲ್ಲಿ ದ್ವಿಚಕ್ರ ವಾಹನ ನಿಲ್ಲಿಸಿ ವಿಕ್ರಮ್ ಮೂರುಚಕ್ರಕ್ಕೆ ಸೀಮಿತವಾಯಿತು. 1990ರ ದಶಕದಲ್ಲೇ ಆಲ್ವಿನ್ ಒಡೆದು ಹೋಯಿತು, ಅದರ ಫ್ರಿಜ್ಜಿನ ವಿಭಾಗ ವೋಲ್ಟಾಸ್ ಪಾಲಾಯಿತು. ಕೊನೆಗೆ ಬಜಾಜ್ ಕೂಡ 2009ರ ಕೊನೆಯಲ್ಲಿ ಸ್ಕೂಟರು ನಿಲ್ಲಿಸುವುದಾಗಿ ಹೇಳಿತು.

ದೊಡ್ಡ ಇತಿಹಾಸದಲ್ಲಿ ಇದು ಸೋಲಿನ ಕಥೆ. ಸಣ್ಣ ಇತಿಹಾಸದಲ್ಲಿ ಹಾಗಲ್ಲ. ಸ್ಕೂಟರಿನ ಬೆಲೆ ಬಿದ್ದಾಗಲೇ ಅದು ಮೊದಲ ಸಲ ನಿಜವಾಗಿ ಬಡವನ ಕೈಗೆ ಬಂತು. ಬ್ಯಾಂಕಿನ ಗುಮಾಸ್ತ, ಕಾಲೇಜಿನ ಮೇಷ್ಟ್ರು, ಸರ್ಕಾರಿ ಕಾರ್ಖಾನೆಯ ನೌಕರ ಬೈಕಿಗೆ ಹೋದರು. ಅವರು ಬಿಟ್ಟ ಗಾಡಿಗಳು ಹಾಲು ಮಾರುವವನಿಗೆ, ಗಾರೆ ಕೆಲಸದವನಿಗೆ, ಪ್ಲಂಬರಿಗೆ, ಗುತ್ತಿಗೆ ಕಾರ್ಮಿಕನಿಗೆ ಸಿಕ್ಕವು. ಕಾಲಿಡುವ ಜಾಗದಲ್ಲಿ ಸಿಲಿಂಡರೋ ಸಿಮೆಂಟಿನ ಚೀಲವೋ ಕೂರುತ್ತಿತ್ತು. ಬೈಕಿನಲ್ಲಿ ಆ ಜಾಗವಿಲ್ಲ. ತಿಂಗಳ ಕಂತು ಕಟ್ಟಲು ಸಂಬಳದ ಚೀಟಿ ಬೇಕು, ಹಳೆ ಸ್ಕೂಟರಿಗೆ ಅದು ಬೇಕಿಲ್ಲ. ಪಟಾನ್‌ಚೆರುವಿನಂಥ ಊರಿನಲ್ಲಿ ಕಾಯಂ ನೌಕರರಿಗಿಂತ ಗುತ್ತಿಗೆಯವರು ಹೆಚ್ಚಾದ ಕಾಲಕ್ಕೆ, ಈ ಗಾಡಿ ಸರಿಯಾಗಿ ಹೊಂದಿಕೊಂಡಿತು.

ಸಾಮಾನಿಗೆ ಹೈದರಾಬಾದಿತ್ತು. ಹೊಸ ಸಾಮಾನಿಗೆ ಪುತ್ಲಿ ಬೌಲಿ, ರಾಣಿಗಂಜ್ ಕಡೆಯ ಅಂಗಡಿಗಳು. ಹಳೆಯದಕ್ಕೆ ಗುರುವಾರದ ಜುಮ್ಮೇರಾತ್ ಬಜಾರ್, ಎರ್ರಗಡ್ಡದ ಭಾನುವಾರದ ಸಂತೆ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆ ಇದ್ದ ಹಾಗೆ. ಗುಜರಿ ಎಂದರೆ ಗಾಡಿಯ ಸ್ಮಶಾನ ಎಂದು ಹೊರಗಿನವರು ತಿಳಿಯುತ್ತಾರೆ. ರಿಪೇರಿಯವನಿಗೆ ಅದು ಉಗ್ರಾಣ. ಒಂದು ಗಾಡಿಯ ಸಾವಿನಿಂದ ಮೂರು ಗಾಡಿ ಬದುಕುತ್ತವೆ. ಕಂಪನಿ ಮುಚ್ಚಿದ ಗಾಡಿಯ ಮಟ್ಟಿಗಂತೂ ಉಗ್ರಾಣ ಇದೊಂದೇ.

ಕಾಗದದ ರಿಪೇರಿ

ಇಂಜಿನ್ ಎದ್ದರೂ ಕೆಲಸ ಮುಗಿಯುವುದಿಲ್ಲ. ಅಗ್ಗದ ಹಳೆ ಗಾಡಿಯ ಅತಿ ದೊಡ್ಡ ರೋಗ ಹೆಚ್ಚಾಗಿ ಕಾಗದದಲ್ಲಿರುತ್ತದೆ. ಗಾಡಿ ನಾಲ್ಕು ಕೈ ದಾಟಿರುತ್ತದೆ, ಆರ್‌ಸಿ ಪುಸ್ತಕದಲ್ಲಿ ಮೊದಲಿನವನ ಹೆಸರೇ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವನು ಅದೇ ರಾಜ್ಯದೊಳಗಾದರೆ 14 ದಿನದೊಳಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಹಾಗೆಯೇ ಮಡಿಚಿಟ್ಟುಕೊಳ್ಳುವುದು ವಾಡಿಕೆ. ಹತ್ತು ವರ್ಷದ ಮೇಲೆ ಅಪಘಾತವಾದಾಗ ಪೊಲೀಸರು ಹುಡುಕಿಕೊಂಡು ಹೋಗುವುದು ಗಾಡಿಯನ್ನು ಮರೆತೇಬಿಟ್ಟ ಮೊದಲಿನವನ ಮನೆಗೆ.

ಗುಜರಿಯಿಂದ ಇಂಜಿನ್ ತಂದು ಕೂರಿಸಿದ್ದರೆ ಇನ್ನೊಂದು ತೊಡಕು. ಇಂಜಿನ್ನಿನ ನಂಬರು ಪುಸ್ತಕದ ನಂಬರಿಗೆ ಹೊಂದುವುದಿಲ್ಲ. ರಿಪೇರಿಯ ದೃಷ್ಟಿಯಲ್ಲಿ ಜಾಣತನವಾದದ್ದು ಕಾನೂನಿನ ದೃಷ್ಟಿಯಲ್ಲಿ ಅನುಮಾನವಾಗುತ್ತದೆ.

ಪಟಾನ್‌ಚೆರುವಿನ ಹಳೆ ಗಾಡಿಗಳ ನಂಬರ್ ಪ್ಲೇಟಿನಲ್ಲಿ ಊರಿನ ರಾಜಕೀಯ ಚರಿತ್ರೆಯೂ ಇದೆ. ಮೆದಕ್ ಜಿಲ್ಲೆಯ ಕಾಲದ್ದಾದರೆ ಎಪಿ 23. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು, 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಬೇರೆ ಜಿಲ್ಲೆಯಾಯಿತು, ಆಮೇಲಿನ ಗಾಡಿಗಳಿಗೆ ಟಿಎಸ್ 15. 2024ರಿಂದ ಟಿಎಸ್ ಹೋಗಿ ಟಿಜಿ ಬಂತು. ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ದೂರದ ಬೀದರಿಗೆ ಅಂಥ ಗಾಡಿ ತಂದು ಅಲ್ಲೇ ಇಟ್ಟುಕೊಳ್ಳಬೇಕಾದರೆ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, ಹೊಸ ನಂಬರು ಪಡೆಯಬೇಕು. ಗಾಡಿಯ ಬೆಲೆಗಿಂತ ಕಾಗದದ ಬೆಲೆ ಹೆಚ್ಚಾಗುವುದು ಅಪರೂಪವೇನಲ್ಲ.

ನೋಂದಣಿಯ ಆಯುಸ್ಸು 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ, ಹಣ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಕೇಂದ್ರದ ನಿಯಮದಲ್ಲಿ ದ್ವಿಚಕ್ರಕ್ಕೆ 300 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 1,000 ರೂಪಾಯಿ ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 2,000 ಆಯಿತು. ಹೊಗೆ ಉಗುಳುವ ಹಳೆ ಎರಡು ಸ್ಟ್ರೋಕಿನ ಗಾಡಿ ರಸ್ತೆಯಿಂದ ಹೋಗಲಿ ಎಂಬುದು ಇದರ ಹಿಂದಿನ ಉದ್ದೇಶ. ಆ ಹೊಗೆಯಲ್ಲಿ ಸುಡದ ಪೆಟ್ರೋಲೂ ಆಯಿಲೂ ಇರುವುದು ನಿಜ, ಪಟಾನ್‌ಚೆರುವಿನ ಗಾಳಿಗೆ ಅದರ ಭಾರ ಬೇಕಿಲ್ಲವೆಂಬುದೂ ನಿಜ. ಆದರೆ ಹವ್ಯಾಸಿಗೆ 2,000 ರೂಪಾಯಿ ಲೆಕ್ಕವಲ್ಲ. ಅದು ತಟ್ಟುವುದು ಆ ಗಾಡಿಯಲ್ಲೇ ಕೆಲಸಕ್ಕೆ ಹೋಗುವವನಿಗೆ.

ಮೂರನೆಯ ಯಜಮಾನ

2021ರ ಜನವರಿಯಲ್ಲಿ ಸ್ಕೂಟರ್ಸ್ ಇಂಡಿಯಾವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಮಿಲಾನಿನಿಂದ ಲಖನೌಗೆ ಬಂದಿದ್ದ ಲ್ಯಾಂಬ್ರೆಟ್ಟಾದ ಪಯಣ ಅಲ್ಲಿಗೆ ಮುಗಿಯಿತು. ವಿಚಿತ್ರವೆಂದರೆ ಗಾಡಿ ಮುಗಿಯಲಿಲ್ಲ. 1960ರ ದಶಕದಿಂದಲೂ ಬ್ರಿಟನ್ನಿನಲ್ಲಿ, ಇಟಲಿಯಲ್ಲಿ ಲ್ಯಾಂಬ್ರೆಟ್ಟಾಕ್ಕೆ ಭಕ್ತರಿದ್ದಾರೆ, ಸಂಘಗಳಿವೆ. ಅವರಿಗಾಗಿ ಪಿಸ್ಟನ್ನು, ಸೀಲು, ಗೇರು, ಕೇಬಲ್ಲು ಇಂದಿಗೂ ತಯಾರಾಗುತ್ತವೆ. ಭಾರತದಲ್ಲಿ ತಯಾರಾದ ಸಾಮಾನು ಎಷ್ಟೋ ವರ್ಷ ಅಲ್ಲಿನ ಗಾಡಿಗಳನ್ನು ಓಡಿಸಿದೆ. ಪುಷ್ಪಕ್‌ನ ಹೆಸರು ಅಳಿಸಿಹೋದರೂ ಅದರ ಒಳಗಿರುವುದು ಅದೇ ಇಂಜಿನ್ ಆದ್ದರಿಂದ, ದುಡ್ಡಿರುವವನು ಇಂದು ಅದಕ್ಕೆ ಸಾಮಾನು ತರಿಸಬಲ್ಲ. ಊರಿನ ಕೂಲಿಕಾರನಿಗೆ ಸಿಗದೆ ಹೋದ ಸಾಮಾನು ದೂರದೇಶದ ಹವ್ಯಾಸಿಗೆ ಸಿಗುತ್ತಿದೆ. ಗಾಡಿಯನ್ನು ಉಳಿಸುವುದು ಅದನ್ನು ಕಟ್ಟಿದ ಕಾರ್ಖಾನೆಯಲ್ಲ, ಅದಕ್ಕಾಗಿ ಸಾಮಾನು ಮಾಡಿಕೊಡುವ, ಬಿಚ್ಚಿ ಜೋಡಿಸುವ ಜನ.

ಇದು ಹಳೆಯ ಮಾತಷ್ಟೇ ಅಲ್ಲ. 2020ರ ಜನವರಿಯಲ್ಲಿ ಚೇತಕ್ ಎಂಬ ಹೆಸರು ವಿದ್ಯುತ್ ಸ್ಕೂಟರಾಗಿ ಮರಳಿತು. ಇಂದು ಹೈದರಾಬಾದಿನ ರಸ್ತೆಗಳಲ್ಲಿ ವಿದ್ಯುತ್ ಸ್ಕೂಟರುಗಳು ತುಂಬಿವೆ. ಹೊಗೆಯಿಲ್ಲ, ಸದ್ದಿಲ್ಲ, ಪಾಯಿಂಟ್ ಉಜ್ಜುವ ಕೆಲಸವಿಲ್ಲ. ಕೆಡುವ ಭಾಗಗಳೇ ಕಡಿಮೆ. ಆದರೆ ಕೆಟ್ಟಾಗ ಬೇಕಾಗುವುದು ಪಾನಾ ಅಲ್ಲ, ಕಂಪನಿಯ ಕಂಪ್ಯೂಟರು ಮತ್ತು ಅದರ ಪಾಸ್‌ವರ್ಡು. ಅತಿ ದುಬಾರಿ ಭಾಗವಾದ ಬ್ಯಾಟರಿಯನ್ನು ಬೋರ್ ಮಾಡಿಸಿ ಒಂದು ಅಳತೆ ದೊಡ್ಡದು ಮಾಡಲಾಗದು. ಮೊದಲ ಯಜಮಾನನಿಗೆ ಇದರಿಂದ ತೊಂದರೆಯಿಲ್ಲ, ಅವನಿಗೆ ವಾರಂಟಿ ಇದೆ. ಎರಡನೆಯವನೂ ಹೇಗೋ ಸಾಗಿಸುತ್ತಾನೆ. ಪ್ರಶ್ನೆ ಇರುವುದು ಮೂರನೆಯವನದು. ಹತ್ತು ವರ್ಷದ ನಂತರ, ಇಂದಿನ ಕಂಪನಿಗಳಲ್ಲಿ ಕೆಲವು ಪುಷ್ಪಕ್-ಫಾಲ್ಕನ್‌ಗಳ ಹಾದಿ ಹಿಡಿದಿರುವಾಗ, ಅಗ್ಗಕ್ಕೆ ಸಿಕ್ಕಿತೆಂದು ಅಂಥ ಗಾಡಿಯನ್ನು ತಳ್ಳಿಕೊಂಡು ಬರುವವನು ಅವನು.

ಪಟಾನ್‌ಚೆರುವಿನ ಹೆದ್ದಾರಿಯ ಬದಿಯಲ್ಲಿ ಅವನು ಯಾರ ಮುಂದೆ ಅದನ್ನು ನಿಲ್ಲಿಸುತ್ತಾನೆ? ಆ ಗಾಡಿ ಬಿಚ್ಚಿ ಗೊತ್ತಿರುವ ಒಬ್ಬ ಉಸ್ತಾದ್, ಪಕ್ಕದಲ್ಲಿ ಹತಾರ ಕೊಡುತ್ತ ಕಲಿಯುವ ಒಬ್ಬ ಹುಡುಗ ಅಷ್ಟರೊಳಗೆ ಅಲ್ಲಿ ತಯಾರಾಗಿದ್ದರೆ, ಹಳೆ ಗಾಡಿ ಅಗ್ಗದ್ದಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಅದಕ್ಕೆ ತಕ್ಕಡಿಯ ಬೆಲೆ ಒಂದೇ.